ಹಾಲಿನ ಮೇಲೆ ಬಂದ ಅಪವಾದ

೧೯೮೧ರ ಬೇಸಿಗೆಯಲ್ಲಿ ಖಾನಾಪುರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾನು ವೈದ್ಯಾಧಿಕಾರಿಯಾಗಿ ಹೋದೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಹುಟ್ಟಿ ಬೆಳೆದದ್ದು ಬೆಳಗಾವಿಯ ಶಹಾಪುರದಲ್ಲಿ, ನೇಕಾರರ ಓಣಿಯಲ್ಲಿ. ಮಗ್ಗದ ಸದ್ದಿಲ್ಲದ ಊರಿನಲ್ಲಿ ಮೊದಲ ವಾರವೆಲ್ಲ ಏನೋ ಕಳೆದುಕೊಂಡಂತೆ ಅನ್ನಿಸುತ್ತಿತ್ತು. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಹೊರಟಿರುವ ಕುಟುಂಬ ಈಗಲೂ ಅಲ್ಲಿದೆ. ಅವರ ಹೆಸರುಗಳನ್ನೂ ಬದಲಿಸಿದ್ದೇನೆ. ಲೋಂಡಾ ಕಡೆಗೆ ಹೋಗುವ ರೈಲು ಹಳಿಗೆ ಹತ್ತಿರದ, ಒಂದು ಮಗ್ಗುಲಿಗೆ ಗದ್ದೆ, ಇನ್ನೊಂದು ಮಗ್ಗುಲಿಗೆ ಕಾಡು ಇರುವ ಊರು ಎಂದರೆ ಸಾಕು.

ಕೇಂದ್ರದಲ್ಲಿ ಎರಡು ಕೋಣೆ, ಒಂದು ಪಡಸಾಲೆ, ನಾಲ್ಕು ಹಾಸಿಗೆ, ಸೀಮೆಎಣ್ಣೆಯಿಂದ ನಡೆಯುವ ಒಂದು ಫ್ರಿಜ್ ಇದ್ದವು. ಲಸಿಕೆಗಳೆಲ್ಲ ಆ ಫ್ರಿಜ್‌ನಲ್ಲಿ. ಅದರ ಕೆಳಗಿನ ಬತ್ತಿ ಆರದಂತೆ ನೋಡಿಕೊಳ್ಳುವುದು, ದಿನಕ್ಕೆರಡು ಸಲ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವುದು ನಮ್ಮ ನರ್ಸ್ ಸಾವಿತ್ರಿಬಾಯಿಯವರ ಕೆಲಸ. ಅದರ ಕೆಳಗೆ ಸಹಿ ಮಾಡುವುದು ನನ್ನ ಕೆಲಸ.

ಗುರುವಾರ ಮಕ್ಕಳಿಗೆ ಪೋಲಿಯೊ ಹನಿ. ಈ ಹನಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದರಲ್ಲಿರುವುದು ಶಕ್ತಿ ಕುಂದಿಸಿದ, ಆದರೆ ಜೀವಂತವಾದ ವೈರಸ್. ಬಾಯಿಗೆ ಹಾಕಿದ ಹನಿ ಮಗುವಿನ ಕರುಳನ್ನು ಸೇರಿ, ವೈರಸ್ ಅಲ್ಲಿ ಬೆಳೆಯಬೇಕು. ಆಗ ಮಗುವಿನ ದೇಹ ಅದನ್ನು ಗುರುತು ಹಿಡಿದು ಪ್ರತಿಕಾಯಗಳನ್ನು, ಅಂದರೆ ರೋಗವನ್ನು ತಡೆಯುವ ಕಾವಲುಗಾರರನ್ನು, ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ತಾಯಿಯ ಹಾಲಿನಲ್ಲಿಯೂ ಇಂಥ ಪ್ರತಿಕಾಯಗಳು ಇರುತ್ತವೆ. ಅವು ಲಸಿಕೆಯ ವೈರಸ್ಸನ್ನೇ ಹಿಡಿದು ಹಾಕಿದರೆ ಹನಿ ನಾಟುವುದಿಲ್ಲ ಎಂಬ ಅಂಜಿಕೆ ಆಗಿನ ವೈದ್ಯರಲ್ಲಿ ಹಲವರಿಗಿತ್ತು. ಹಾಗಾಗಿ ಹನಿ ಹಾಕುವ ಮುಂಚೆ ಮತ್ತು ಹಾಕಿದ ಮೇಲೆ ಕೆಲವು ತಾಸು ಮೊಲೆ ಕೊಡಬೇಡಿ ಎಂದು ಹೇಳುವ ರೂಢಿ ಇತ್ತು. ಎಷ್ಟು ತಾಸು ಎಂಬುದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ನಾನು ಮುಂಚೆ ಎರಡು ತಾಸು, ಆಮೇಲೆ ಎರಡು ತಾಸು ಎಂದು ಹೇಳುತ್ತಿದ್ದೆ. ಕನ್ನಡದಲ್ಲಿ ಹೇಳಿ, ಮತ್ತೆ ಮರಾಠಿಯಲ್ಲಿ ಹೇಳುತ್ತಿದ್ದೆ. ಬಹಳ ಖಾತ್ರಿಯಿಂದ ಹೇಳುತ್ತಿದ್ದೆ.

ಹೆಚ್ಚಿನ ತಾಯಂದಿರು ತಲೆಯಾಡಿಸಿ, ಗೇಟು ದಾಟಿದೊಡನೆ ಅಳುವ ಮಗುವಿಗೆ ಸೆರಗು ಮುಚ್ಚಿ ಹಾಲು ಕುಡಿಸುತ್ತಿದ್ದರು. ಹಾಗೆ ಮಾಡದಿದ್ದವಳು ರತ್ನವ್ವ. ಇಪ್ಪತ್ತೆರಡರ ಹರೆಯದವಳು. ಗಂಡ ಯಲ್ಲಪ್ಪ ರೈಲು ಹಳಿ ದುರಸ್ತಿಯ ಗ್ಯಾಂಗಿನಲ್ಲಿದ್ದ. ಚೊಚ್ಚಲ ಮಗಳು ಸುನಂದಾಳನ್ನು ಎತ್ತಿಕೊಂಡು ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ತಿಂಗಳು ಮಳೆಯಲ್ಲಿ ನಡೆದು ಬಂದಳು. ಹನಿ ಹಾಕಿದ ಮೇಲೆ ಮನೆಗೆ ಹೋಗದೆ ನಮ್ಮ ಪಡಸಾಲೆಯಲ್ಲೇ ಕೂರುತ್ತಿದ್ದಳು. ಮಗು ಎದೆಗೆ ಮುಖ ತಿಕ್ಕಿ ಅಳುತ್ತಿತ್ತು. ಅವಳ ಕುಪ್ಪಸ ಒದ್ದೆಯಾಗುತ್ತಿತ್ತು. ಗೋಡೆಯ ಗಡಿಯಾರ ನೋಡಲು ಬಾರದ ಅವಳು ನಡುನಡುವೆ ಸಾವಿತ್ರಿಬಾಯಿಯನ್ನು ಕೇಳುತ್ತಿದ್ದಳು:

“ಎರಡ ತಾಸ ಆತೇನ್ರಿ ಬಾಯಾರ?” ಊರವರಿಗೆ ನರ್ಸ್ ಸಾವಿತ್ರಿಬಾಯಿಯೂ ಬಾಯಾರ, ಹೆಣ್ಣು ಡಾಕ್ಟರಾದ ನಾನೂ ಬಾಯಾರ.

ನಾನು ಉಳಿದ ಹೆಂಗಸರಿಗೆ ಅವಳನ್ನು ತೋರಿಸಿ, “ನೋಡ್ರಿ, ರತ್ನವ್ವನ್ನ ನೋಡಿ ಕಲೀರಿ” ಎಂದು ಹೇಳಿದ್ದುಂಟು.

ಮರುವರ್ಷ ಜುಲೈಯಲ್ಲಿ ಅವಳು ಸುನಂದಾಳನ್ನು ಮತ್ತೆ ತಂದಳು. ಮಗುವಿಗೆ ಹದಿನೈದು ತಿಂಗಳು. ನಾಲ್ಕು ದಿನ ಜ್ವರ ಬಂದು ಬಿಟ್ಟಿತ್ತು. ಗೋಡೆ ಹಿಡಿದು ಹೆಜ್ಜೆ ಹಾಕುತ್ತಿದ್ದ ಮಗು ಈಗ ನಿಲ್ಲುತ್ತಿರಲಿಲ್ಲ. ಮೇಜಿನ ಮೇಲೆ ಮಲಗಿಸಿ ನೋಡಿದೆ. ಎಡಗಾಲು ಒದೆಯುತ್ತಿತ್ತು. ಬಲಗಾಲು ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಒಂದಿಷ್ಟೂ ಅಲುಗಲಿಲ್ಲ. ರತ್ನವ್ವ ಸೀರೆಯ ಗಂಟಿನಿಂದ ಲಸಿಕೆಯ ಚೀಟಿ ತೆಗೆದು ನನ್ನ ಮುಂದೆ ಇಟ್ಟಳು.

“ಮೂರೂ ಸಲ ಬಂದೀನ್ರಿ ಬಾಯಾರ. ನೀವು ಹೇಳಿಧಂಗ ಮಾಡೀನಿ.”

ಅವರನ್ನು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಪೋಲಿಯೊ ಎನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ. ಅವರು ಹೋದ ಮೇಲೆ ಫ್ರಿಜ್‌ನ ಪುಸ್ತಕ ತೆಗೆದು ಹಿಂದಿನ ವರ್ಷದ ಹಾಳೆಗಳನ್ನು ತಿರುವಿದೆ. ಆಗಸ್ಟ್ ತಿಂಗಳಲ್ಲಿ, ಸುನಂದಾಳ ಎರಡನೆಯ ಹನಿಗೆ ಮುಂಚೆ, ರಸ್ತೆ ಕಿತ್ತುಹೋಗಿ ಐದು ದಿನ ಸೀಮೆಎಣ್ಣೆ ಬಂದಿರಲಿಲ್ಲ. ಐದು ದಿನವೂ ಉಷ್ಣತೆಯ ಅಂಕಣ ಖಾಲಿ. ಬಾಯಿಗೆ ಹಾಕುವ ಲಸಿಕೆ ಶಾಖ ತಾಳುವುದಿಲ್ಲ. ಆ ಬಾಟಲಿಗಳನ್ನು ಎಸೆದು ಹೊಸದು ತರಿಸಬೇಕಿತ್ತು. ನಾವು ತರಿಸಿರಲಿಲ್ಲ. ಹಾಳೆಯ ಕೆಳಗೆ ನನ್ನ ಸಹಿ ಇತ್ತು.

ಎರಡು ವಾರದ ನಂತರ ಯಲ್ಲಪ್ಪ, ರತ್ನವ್ವ, ಯಲ್ಲಪ್ಪನ ತಾಯಿ ಗಂಗವ್ವ ಮೂವರೂ ಬಂದರು. ಬೆಳಗಾವಿಯಲ್ಲಿ ಪೋಲಿಯೊ ಎಂದೇ ಹೇಳಿದ್ದರು. ಕಾಲಿಗೆ ಮುಂದೆ ಕಬ್ಬಿಣದ ಪಟ್ಟಿ ಕಟ್ಟಬೇಕಾಗುತ್ತದೆ ಎಂದಿದ್ದರು. ಯಲ್ಲಪ್ಪ ಜಗಳಕ್ಕೆ ಬಂದವನಲ್ಲ. ನೆಟ್ಟಗೆ ನಿಂತು ಕೇಳಿದ:

“ಔಷಧ ಹಾಕಿಸಿದ್ರೂ ಯಾಕ ಹಿಂಗಾತ್ರಿ? ನಮಗ ತಿಳಿಯಂಗ ಹೇಳ್ರಿ.”

ನಾನು ಹೇಳಿದೆ. ಕೆಲವು ಮಕ್ಕಳಿಗೆ ಮೂರು ಸಲ ಹಾಕಿದರೂ ನಾಟುವುದಿಲ್ಲ ಎಂದೆ. ಕರುಳಿನಲ್ಲಿ ಬೇರೆ ಸೋಂಕು ಇದ್ದರೂ ನಾಟುವುದಿಲ್ಲ ಎಂದೆ. ಆಮೇಲೆ, “ಒಮ್ಮೊಮ್ಮೆ ತಾಯಿ ಹಾಲಿನಾಗಿನ ಶಕ್ತಿನೂ ಔಷಧಕ್ಕ ಅಡ್ಡ ಬರತೈತಿ” ಎಂದೆ. ಹೇಳಿದ ಮೂರೂ ಸುಳ್ಳಲ್ಲ. ಫ್ರಿಜ್‌ನ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಮರೆತಿದ್ದೆ ಎಂದು ಈಗ ಬರೆದರೆ ಅದು ಸುಳ್ಳಾಗುತ್ತದೆ. ಪುಸ್ತಕ ನನ್ನ ಮೇಜಿನ ಖಾನೆಯಲ್ಲೇ ಇತ್ತು.

ಗಂಗವ್ವ ಸೊಸೆಯ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡೆ. ರತ್ನವ್ವ ತಲೆ ತಗ್ಗಿಸಿದಳು. ಅವರು ಎದ್ದು ಹೋದರು.

ನಾನು ಹೇಳಿದ ಮೂರರಲ್ಲಿ ಎರಡು ಮಾತು ದಾರಿಯಲ್ಲೇ ಉದುರಿಹೋದವು. ಒಂದು ಮಾತ್ರ ಮನೆ ಮುಟ್ಟಿತು. ಕೆಲವು ತಿಂಗಳಾದ ಮೇಲೆ ಸಾವಿತ್ರಿಬಾಯಿ ಊರಿನ ಮಾತನ್ನು ನನ್ನ ಕಿವಿಗೆ ಹಾಕಿದರು. “ಹಡದಾಕೀ ಹಾಲನ ಕೂಸಿನ ಕಾಲು ತಿಂತು ಅಂತ ಗಂಗವ್ವ ಬಾವಿಕಟ್ಟೀ ಮ್ಯಾಲ ಅಂದಾಳಂತ್ರಿ. ಆ ಹುಡುಗಿ ಯಾರ ಮನೀಗೂ ಹೋಗೂದ ಬಿಟ್ಟಾಳ.” ಹೋಗಿ ಹೇಳಬೇಕು ಅಂದುಕೊಂಡೆ. ಏನು ಹೇಳಬೇಕು ಎಂದು ಯೋಚಿಸಿದರೆ ಮಾತು ಫ್ರಿಜ್‌ನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಹೋಗಲಿಲ್ಲ. ಕೇಂದ್ರದ ಕೆಲಸ ಸಾಕಷ್ಟಿತ್ತು; ನೆಪಕ್ಕೆ ಕೊರತೆ ಇರಲಿಲ್ಲ.

೧೯೮೪ರ ಫೆಬ್ರವರಿ ಕೊನೆಯಲ್ಲಿ ಒಂದು ಮಧ್ಯಾಹ್ನ, ಹೊರರೋಗಿಗಳು ಮುಗಿದು ಕೈ ತೊಳೆಯುತ್ತಿದ್ದಾಗ ಗಂಗವ್ವ ಓಡುತ್ತ ಬಂದಳು. ಕೈಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಕೂಸು. ಹಿಂದೆ ರತ್ನವ್ವ. ಎರಡನೆಯ ಮಗು ಹುಟ್ಟಿದ್ದು ನನಗೆ ಗೊತ್ತಿತ್ತು. ಗಂಡುಮಗು, ಎರಡೂವರೆ ತಿಂಗಳದು. ಮೂರು ದಿನದಿಂದ ಭೇದಿ. ನೆತ್ತಿ ತಗ್ಗು ಬಿದ್ದಿತ್ತು, ಕಣ್ಣು ಗುಳಿ ಬಿದ್ದಿದ್ದವು. ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಅಳಲು ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಬೆಳಗಾವಿಗೆ ಕಳಿಸುವಷ್ಟು ಹೊತ್ತು ನಮ್ಮ ಕೈಯಲ್ಲಿರಲಿಲ್ಲ. ತಲೆಯ ಒಂದು ಬದಿ ಬೋಳಿಸಿ, ಅಲ್ಲಿನ ಸಣ್ಣ ರಕ್ತನಾಳಕ್ಕೆ ಸೂಜಿ ಹಾಕಿದೆ. ಎರಡು ಸಲ ತಪ್ಪಿತು, ಮೂರನೆಯ ಸಲ ಸಿಕ್ಕಿತು. ಸಾವಿತ್ರಿಬಾಯಿ ಸಲೈನ್ ಬಾಟಲಿಯನ್ನು ಕೈಯಲ್ಲೇ ಎತ್ತಿ ಹಿಡಿದರು. ಹನಿ ಹನಿಯಾಗಿ ನೀರು ಒಳಗೆ ಹೋಗತೊಡಗಿತು. ಸಂಜೆ ಐದರ ಹೊತ್ತಿಗೆ ಮಗುವಿನ ಕಣ್ಣು ಸ್ವಲ್ಪ ಮೇಲೆ ಬಂದಿತ್ತು. ಐದೂವರೆಗೆ ಉಚ್ಚೆ ಹೊಯ್ದಿತು. ಆ ಒದ್ದೆಯನ್ನು ಮುಟ್ಟಿ ನೋಡಿ ಸಾವಿತ್ರಿಬಾಯಿ ಕಣ್ಣೊರೆಸಿಕೊಂಡರು.

ಆಗಲೇ ನಾನು ಅವರ ಕೈಚೀಲ ನೋಡಿದ್ದು. ಒಳಗೆ ಹಾಲಿನ ಬಾಟಲಿ ಇತ್ತು. ರಬ್ಬರಿನ ತೊಟ್ಟಿನೊಳಗೆ ಒಡೆದ ಹಾಲು ಗಟ್ಟಿಯಾಗಿ ಕೂತಿತ್ತು.

“ಬಾಟಲಿ ಯಾಕ ರತ್ನವ್ವ? ನಿನಗ ಹಾಲ ಇಲ್ಲೇನು?”

“ಇದ್ವುರಿ. ಬಿಡಿಸೀನಿ. ಇಪ್ಪತ್ತ ದಿನಾತು. ಎಮ್ಮೀ ಹಾಲಿಗೆ ನೀರ ಹಾಕಿ ಕೊಡಾಕತ್ತೀನಿ.”

“ಯಾರು ಬಿಡಸಂದ್ರು?”

ಅವಳು ಕೂಸಿನ ಮುಖದಿಂದ ಕಣ್ಣು ತೆಗೆಯದೆ ಹೇಳಿದಳು: “ಮುಂದಿನ ತಿಂಗಳ ಹನಿ ಹಾಕಸೂದೈತಲ್ರಿ. ಅಷ್ಟೊತ್ತಿಗೆ ನನ್ನ ಹಾಲಿನ ಗುಣ ಇವನ ಹೊಟ್ಯಾಗಿಂದ ಪೂರಾ ಹೋಗಲಿ ಅಂತ ನಾನ ಬಿಡಿಸಿದ್ನಿ. ಎರಡ ತಾಸಿನ ಮ್ಯಾಲ ನನಗ ಭರೋಸಾ ಬರಲಿಲ್ಲ. ಸುನಂದಾಗ ಎರಡ ತಾಸ ತಡದ್ರೂ ಆಕೀ ಕಾಲು ಉಳೀಲಿಲ್ಲ. ನನ್ನ ಹಾಲಿಂದ ಹೋತು ಅಂತ ನೀವ ಹೇಳಿದ್ರಲ್ರಿ.”

ನಾನು ಹಾಗೆ ಹೇಳಿರಲಿಲ್ಲ. ಆದರೆ ಹೇಳಿರಲಿಲ್ಲ ಎನ್ನುವ ಬಾಯಿ ನನಗಿರಲಿಲ್ಲ. ಗಂಗವ್ವ ಗೋಡೆಗೆ ಒರಗಿ ಕುಳಿತಿದ್ದವಳು ಮೆಲ್ಲಗೆ ಅಂದಳು: “ನಾ ಹಾಲ ಬಿಡಸಂತ ಅಂದಿಲ್ರಿ ಬಾಯಾರ. ಆದರ ಒಂದೂವರಿ ವರ್ಷ ನಾ ಆಡಿದ ಮಾತಿಗೇನ ಆಕಿ ಬಿಡಿಸ್ಯಾಳ.”

ಮಗು ಎರಡು ದಿನ ನಮ್ಮಲ್ಲಿತ್ತು, ಬದುಕಿತು. ಉಪ್ಪು ಸಕ್ಕರೆಯ ನೀರನ್ನು ಚಮಚದಲ್ಲಿ ಕುಡಿಯತೊಡಗಿತು. ಭಾನುವಾರ ನಾನು ಬಸ್ಸು ಹಿಡಿದು ಬೆಳಗಾವಿಗೆ ಹೋದೆ. ನನಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದ ಪ್ರಾಧ್ಯಾಪಕರೊಬ್ಬರು ನಿವೃತ್ತರಾಗಿ ಟಿಳಕವಾಡಿಯಲ್ಲಿದ್ದರು. ದೇಶಪಾಂಡೆ ಸರ್ ಎಂದು ಕರೆಯೋಣ. ಅವರ ಮುಂದೆ ಎಲ್ಲವನ್ನೂ ಹೇಳಿದೆ. ನಡುವೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ:

“ನಿನ್ನ ಫ್ರಿಜ್ ಹೆಂಗಿತ್ತು?”

ಅದೊಂದನ್ನು ನಾನು ಅವರಿಗೂ ಹೇಳಿರಲಿಲ್ಲ. ಆಗ ಹೇಳಿದೆ. ಅವರು ಬೈಯಲಿಲ್ಲ. ತರಗತಿಯಲ್ಲಿ ಹೇಳುತ್ತಿದ್ದಂತೆಯೇ ವಿವರಿಸಿದರು.

“ಹಾಲು ಅಡ್ಡ ಬರಬಹುದು ಅನ್ನೂದು ಖರೇನ ಅದ. ಆದರ ಎಲ್ಲಾ ತಾಯಂದಿರ ಹಾಲು ಒಂದ ನಮೂನಿ ಇರೂದಿಲ್ಲ. ಹಡದ ಮೊದಲ ದಿನಗಳ ಗಿಣ್ಣಿನಂಥಾ ಹಾಲಿನಾಗ ಪ್ರತಿಕಾಯ ಭಾಳ. ವಾರ ಕಳದಂಗ ಕಡಿಮಿ ಆಗತಾವ. ತಾಯಿಗೆ ಯಾವ ಯಾವ ರೋಗ ತಾಕಿ ಹೋಗ್ಯಾವ ಅನ್ನೂದರ ಮ್ಯಾಲೂ ಅದ. ಹೊಟ್ಟ್ಯಾಗಿದ್ದಾಗ ತಾಯಿ ರಕ್ತದಿಂದ ಕೂಸಿಗೆ ಹೋಗಿದ್ದ ಪ್ರತಿಕಾಯ ಬ್ಯಾರೆ. ನಿನ್ನ ರತ್ನವ್ವ ಹಳ್ಳದ ನೀರು ಕುಡದು ಬೆಳದಾಕಿ. ಸಣ್ಣಾಕಿದ್ದಾಗ ಈ ವೈರಸ್ ಆಕಿಗೆ ತಾಕಿರತದ, ಆಕಿ ಅದನ್ನ ಗೆದ್ದಿರತಾಳ. ಗೆದ್ದದ್ದನ್ನ ಕೂಸಿಗೆ ಹಾಲಿನಾಗ ಕೊಡತಾಳ. ಆ ಹಾಲಿಗೆ ಲಸಿಕಿ ವೈರಸ್ ಯಾವುದು, ಖರೇ ರೋಗದ ವೈರಸ್ ಯಾವುದು ಅಂತ ಗೊತ್ತಾಗೂದಿಲ್ಲ. ಎರಡನ್ನೂ ಹಿಡೀತದ.”

“ಹಂಗಾದ್ರ ಎರಡು ತಾಸು ತಡಿಯೂದು?”

“ಮೂರು ತಿಂಗಳ ಕೂಸಿಗೆ ಅದರಿಂದ ಏನೂ ಸಾಧಿಸಿಧಂಗ ಆಗೂದಿಲ್ಲ ಅಂತ ನನ್ನ ಅಭಿಪ್ರಾಯ. ತಾಯಿನ್ನ ಬದಲಾಯಿಸಲಿಕ್ಕೆ ಬರೂದಿಲ್ಲ. ಹನಿ ಇನ್ನೆರಡು ಸಲ ಹೆಚ್ಚು ಹಾಕಲಿಕ್ಕೆ ಬರತದ. ಅದನ್ನ ಮಾಡು.” ಆಮೇಲೆ ಏನೋ ಹೊಳೆದವರಂತೆ ಕೇಳಿದರು: “ಆ ಹುಡುಗಿಗೆ ಮೊಲಿ ಬಿಡಿಸಿದ್ದು ಯಾವಾಗ?”

ಸುನಂದಾಗೆ ಹನ್ನೊಂದು ತಿಂಗಳಿದ್ದಾಗ ರತ್ನವ್ವನಿಗೆ ವಿಷಮಶೀತ ಜ್ವರ ಬಂದು ಹಾಲು ನಿಂತುಹೋಗಿತ್ತು. ಕಾಲು ಹೋದದ್ದು ಹದಿನೈದನೆಯ ತಿಂಗಳಲ್ಲಿ. ಅದನ್ನು ಹೇಳಿದೆ. ಸರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಹಾಲಿದ್ದಷ್ಟು ದಿನ ಬಹುಶಃ ಆ ಹಾಲನ ಹುಡುಗೀನ್ನ ಕಾದಿರಬೇಕು. ಬಹುಶಃ. ಒಂದು ಕೂಸಿನ ವಿಷಯದಾಗ ಇದನ್ನ ಯಾರೂ ಖಾತ್ರಿಯಿಂದ ಹೇಳಲಾರರು. ಈ ಮಾತನ್ನೂ ಅವರ ಮನ್ಯಾಗ ಹೇಳಬ್ಯಾಡ. ನಾಳೆ ಹಾಲು ಯಾಕ ನಿಲ್ಲಿಸಿದಿ ಅಂತ ಆಕೀನ್ನ ಕೇಳತಾರ.”

ಬಸ್ಸಿನಲ್ಲಿ ಹಿಂದಿರುಗುವಾಗ ಆ ಕೊನೆಯ ಮಾತೇ ನನ್ನನ್ನು ಕಾಡಿತು. ನಮ್ಮ ಪಠ್ಯಗಳಲ್ಲಿ ತಾಯಿಗೆ ಸಂಬಂಧಿಸಿದ ಅಂಶಗಳು ಎಂದು ಒಂದು ಪಟ್ಟಿ ಇರುತ್ತದೆ: ವಯಸ್ಸು, ಎಷ್ಟನೆಯ ಹೆರಿಗೆ, ಆಹಾರ, ಹಿಂದಿನ ರೋಗಗಳು, ಹಾಲಿನ ಗುಣ. ಬರೆದವರು ಯಾರನ್ನೂ ದೂರಿಲ್ಲ. ಅದೇ ಪಟ್ಟಿ ಒಂದು ಮನೆಯ ಹೊಸಿಲು ದಾಟಿದರೆ ಅಂಶ ಎಂಬುದು ತಪ್ಪು ಎಂದಾಗುತ್ತದೆ.

ಮರುದಿನದಿಂದ ರತ್ನವ್ವನಿಗೆ ಮತ್ತೆ ಹಾಲು ಬರಿಸುವ ಕೆಲಸ ಶುರುವಾಯಿತು. ಬತ್ತಿದ ಎದೆಯಲ್ಲಿ ಹಾಲು ಮರಳಬಹುದು, ಆದರೆ ಮಗು ದಿನಕ್ಕೆ ಹತ್ತಾರು ಸಲ ಚೀಪಬೇಕು. ಬಾಟಲಿಗೆ ಒಗ್ಗಿದ ಮಗು ಖಾಲಿ ಮೊಲೆಯನ್ನು ಬಾಯಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಸಾವಿತ್ರಿಬಾಯಿ ಒಂದು ಉಪಾಯ ತೋರಿಸಿದರು: ಕಾಸಿದ ಹಾಲನ್ನು ಮೊಲೆಯ ಮೇಲಿಂದ ಹನಿಹನಿಯಾಗಿ ಇಳಿಬಿಡುವುದು. ರುಚಿಗೆ ಮಗು ಚೀಪುತ್ತದೆ. ಅದಕ್ಕೆ ಇನ್ನೊಬ್ಬರ ಕೈ ಬೇಕು. ಗಂಗವ್ವ ಆ ಕೆಲಸ ಹಿಡಿದಳು. ನಾನು ಮನೆಗೆ ಹೋದಾಗಲೆಲ್ಲ ಆಕೆ ಸೊಸೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಟ್ಟಲು ಚಮಚ ಹಿಡಿದು, ಉಸಿರು ಬಿಗಿಹಿಡಿದು ಹನಿ ಬಿಡುತ್ತಿದ್ದಳು. ಹನ್ನೊಂದನೆಯ ದಿನ ರತ್ನವ್ವ ಎದೆ ಹಿಂಡಿ ತೋರಿಸಿದಳು. ಎರಡು ಹನಿ ಬಿಳಿ ಕಂಡಿತು. ಮೂರು ವಾರಕ್ಕೆ ಬಾಟಲಿ ಬೇಡವಾಯಿತು.

ಮಾರ್ಚ್ ಕೊನೆಯ ಗುರುವಾರ ಅವನಿಗೆ ಮೊದಲ ಹನಿ. ಯಲ್ಲಪ್ಪನಿಗೂ ಬರಲು ಹೇಳಿ ಕಳಿಸಿದ್ದೆ. ಪಡಸಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ತಾಯಂದಿರಿದ್ದರು. ಹನಿ ಹಾಕಿ, ಎಲ್ಲರೆದುರು ರತ್ನವ್ವನಿಗೆ ಹೇಳಿದೆ: “ಈಗನ ಕುಡಸು. ಅಂವಾ ಹಸದಾನ.” ಅವಳು ನನ್ನ ಮುಖ ನೋಡಿದಳು. ಗಂಗವ್ವನ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಗುವನ್ನು ಎದೆಗೆ ಹಚ್ಚಿದಳು.

ನಾನು ಫ್ರಿಜ್‌ನ ಪುಸ್ತಕ ತರಿಸಿದೆ. ಹಿಂದಿನ ದಿನವೇ ಸಾವಿತ್ರಿಬಾಯಿಗೆ ಹೇಳಿದ್ದೆ. ಸುನಂದಾಳ ಎರಡನೆಯ ಹನಿ ಐದು ದಿನ ಬೆಚ್ಚಗಿದ್ದ ಫ್ರಿಜ್‌ನಿಂದ ತೆಗೆದದ್ದು, ಅದರ ಜವಾಬ್ದಾರಿ ನನ್ನದು, ನನಗೆ ಅದು ಗೊತ್ತಿದ್ದೂ ಹೇಳಲಿಲ್ಲ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಹೇಳಿದೆ. ಅದರಿಂದಲೇ ಕಾಲು ಹೋಯಿತು ಎಂದು ಹೇಳಲು ಬರುವುದಿಲ್ಲ, ಹಾಲಿನಿಂದ ಹೋಯಿತು ಎಂದಂತೂ ಯಾರೂ ಹೇಳಕೂಡದು ಎಂದೆ.

ಯಲ್ಲಪ್ಪ ಬಾಗಿಲಲ್ಲಿ ನಿಂತಿದ್ದ.

“ಆವತ್ತ ಯಾಕ ಹೇಳಲಿಲ್ರಿ?”

“ಅಂಜಿದ್ನಿ ಯಲ್ಲಪ್ಪ.”

ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಅವನು ನನ್ನೊಡನೆ ಮತ್ತೆ ಮಾತಾಡಿದ್ದು ನನಗೆ ನೆನಪಿಲ್ಲ. ಮೇಲಧಿಕಾರಿಗಳಿಗೆ ನಾನೇ ಬರೆದು ತಿಳಿಸಿದೆ. ವಿವರಣೆ ಕೇಳಿ ಪತ್ರ ಬಂತು, ಕೊಟ್ಟೆ. ಅದು ನನ್ನ ಸೇವಾ ಪುಸ್ತಕದಲ್ಲಿದೆ.

ಆ ಮಗುವಿಗೆ ಐದು ಸಲ ಹನಿ ಹಾಕಿದೆ. ಐದನೆಯದು ಜುಲೈಯಲ್ಲಿ. ಅಂದು ರತ್ನವ್ವ ಸುನಂದಾಳನ್ನೂ ಕರೆತಂದಿದ್ದಳು. ಮೂರು ವರ್ಷದ ಹುಡುಗಿ ಕಾಲಿನ ಪಟ್ಟಿಯನ್ನು ಕಲ್ಲುಹಾಸಿನ ಮೇಲೆ ಟಕಟಕ ಎನ್ನಿಸುತ್ತ ಪಡಸಾಲೆಯ ಆ ಕೊನೆಯಿಂದ ಈ ಕೊನೆಗೆ ನಡೆದಾಡಿದಳು. ಜನ ಕಡಿಮೆಯಾದ ಮೇಲೆ ನಾನು ರತ್ನವ್ವನ ಪಕ್ಕದಲ್ಲಿ ಕೂತು, ನನ್ನಿಂದ ತಪ್ಪಾಯಿತು ಎಂದೆ. ಅವಳೊಬ್ಬಳಿಗೇ ಹೇಳಬೇಕಾಗಿದ್ದ ಮಾತು. ಅಲ್ಲಿಯ ತನಕ ಹೇಳಿರಲಿಲ್ಲ. ಅವಳು ಅಳಲಿಲ್ಲ, ಇರಲಿ ಬಿಡಿ ಎನ್ನಲೂ ಇಲ್ಲ.

“ನೀವು ಅವತ್ತ ಹೇಳಿದ್ದು ಖರೇನೋ ಸುಳ್ಳೋ ನನಗ ಗೊತ್ತಿಲ್ರಿ ಬಾಯಾರ. ಹೇಳಿ ನೀವು ಇಲ್ಲೇ ಕುಂತ್ರಿ. ಅದನ್ನ ಹೊತಗೊಂಡ ಮನೀಗ ಹೋದಾಕಿ ನಾನು.”

ಅದಾದ ಮೇಲೆ ಇಪ್ಪತ್ತಾರು ವರ್ಷ ನೌಕರಿ ಮಾಡಿದೆ. ಹಾಲು ತಡೆಯುವ ಸಲಹೆಯನ್ನು ಆಮೇಲೆ ಎಲ್ಲ ಕಡೆಯೂ ಕೈಬಿಟ್ಟರು. ಹನಿ ಹಾಕಿದ ಮಗುವಿಗೆ ಕೂಡಲೇ ಹಾಲು ಕುಡಿಸಬಹುದು ಎಂದು ಈಗ ಯಾವ ನರ್ಸ್ ಬೇಕಾದರೂ ಹೇಳುತ್ತಾರೆ. ನನ್ನ ಕೈಕೆಳಗೆ ಬಂದ ಹೊಸ ವೈದ್ಯರಿಗೆ ನಾನು ಹೇಳಿಕೊಟ್ಟದ್ದು ಇಷ್ಟೆ: ಚಿಕಿತ್ಸೆ ಫಲ ಕೊಡದಿದ್ದಾಗ ಮನೆಯವರು ಯಾಕೆ ಎಂದು ಕೇಳುತ್ತಾರೆ. ಮೊದಲು ನಮ್ಮ ಕಡೆಯಿಂದ ಏನು ತಪ್ಪಿರಬಹುದು ಎಂಬುದನ್ನು ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಆಮೇಲೆ ಉಳಿದ ಕಾರಣಗಳನ್ನು ಹೇಳುವ ಮುಂಚೆ ಎದುರಿಗೆ ಕೂತವರನ್ನು ಒಮ್ಮೆ ನೋಡಿ. ನೀವು ಹೇಳಿದ್ದನ್ನು ಹೊತ್ತುಕೊಂಡು ಮನೆಗೆ ಹೋಗುವವರು ಅವರಲ್ಲಿ ಯಾರು ಎಂದು ಯೋಚಿಸಿ.